ಅಪ್ಪುಗೆಯ ನಂತರ ತೂಕ

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪಾಸ್ಟರ್ ಯೆಹೆಸ್ಕಿಯೆಲ್ ಅವರೇ, ತರಾಕಾನ್ ಪಟ್ಟಣದಿಂದ ಬಂದಿರುವ ವಿಮಾನ ಸುರಕ್ಷತಾ ಇಲಾಖೆಯ ಅಧಿಕಾರಿ ಪಾಕ್ ಸುಮಿತ್ರೊ ಅವರೇ, ಇವತ್ತು ನಮ್ಮ ಸನ್ಮಾನಕ್ಕೆ ಪಾತ್ರರಾಗಿ ಕೊರಳ ತುಂಬ ಮಣಿಸರ ಹಾಕಿಸಿಕೊಂಡು ಬೆವರುತ್ತ ಕೂತಿರುವ ವಿಮಾನ ಪರೀಕ್ಷಕಿ ಎಂದಾಂಗಮ್ಮನವರೇ, ಪೈಲಟ್ ಪಾಲಿಂಬೊ ಅವರೇ, ಪಾ ತೆರಾ ಊರಿನ ಸಭಿಕರೇ, ಒಳಗೆ ಜಾಗ ಸಿಗದೆ ಕಿಟಕಿಗೆ ಜೋತುಬಿದ್ದಿರುವ ಸಭಿಕರೇ, ತಮಗೆಲ್ಲರಿಗೂ ನನ್ನ ವಂದನೆಗಳು.

ಇವತ್ತು ನಮ್ಮ ಚರ್ಚಿನ ಹೆಂಗಸರ ಸಂಘದ ಉಪವಾಸದ ದಿನ. ಸೂರ್ಯ ಮುಳುಗುವ ತನಕ ನೀರು ಬಿಟ್ಟರೆ ಬೇರೇನೂ ಬಾಯಿಗೆ ಹೋಗುವ ಹಾಗಿಲ್ಲ. ಹಾಗೆಂದು ಕೆಲಸಕ್ಕೆ ಬಿಡುವಿದೆಯೇ? ಕತ್ತಲಿರುವಾಗಲೇ ಎದ್ದು ಪ್ರಾರ್ಥನೆ ಮುಗಿಸಿ, ಹಂದಿಗಳಿಗೆ ಗೆಣಸಿನ ಸೊಪ್ಪು ಬೇಯಿಸಿ ಹಾಕಿ, ಕೆಸರಿನಲ್ಲಿ ಮಲಗಿದ್ದ ಎಮ್ಮೆಯನ್ನು ಬೈದು ಎಬ್ಬಿಸಿ, ಆಮೇಲೆ ತಮ್ಮೆಲ್ಲರ ಊಟಕ್ಕೆಂದು ಮೆತ್ತಗೆ ಬೇಯಿಸಿದ ಅನ್ನವನ್ನು ಎಲೆಯಲ್ಲಿ ಕಟ್ಟುತ್ತ ಕೂತೆವು. ಹೊಸ ಅಕ್ಕಿಯ ಆವಿ ಮುಖಕ್ಕೆ ಹೊಡೆಯುತ್ತಿದೆ, ತಿನ್ನುವ ಹಾಗಿಲ್ಲ. ಪಕ್ಕದಲ್ಲಿ ಕೂತಿದ್ದ ಕಾಫಿತ್ ಅಜ್ಜಿ, “ರಿನಿಂಗಾ, ಮೂಗೂ ಉಪವಾಸ ಇರ್ಬೇಕು ಅಂತ ಬೈಬಲ್ಲಿನಲ್ಲಿ ಎಲ್ಲೂ ಬರ್ದಿಲ್ಲ ಕಣೆ, ವಾಸನೆ ತಗೋ ಧಾರಾಳವಾಗಿ” ಅಂದರು. ತೆಗೆದುಕೊಂಡೆ. ದೇವರು ದೊಡ್ಡವನು, ಇಷ್ಟನ್ನು ಕ್ಷಮಿಸುತ್ತಾನೆ.

ಆಗಲೇ ಅಲ್ಲವೇ ಆ ಸದ್ದು ಬಂದದ್ದು! ಬೆಟ್ಟದ ಆಚೆ ಮೊದಲು ಜೇನುಹುಳದ ಹಾಗೆ, ಆಮೇಲೆ ಗಿರಣಿಯ ಹಾಗೆ. ಎಲೆ ಅಲ್ಲೇ ಬಿತ್ತು, ಅನ್ನ ಅಲ್ಲೇ ಉಳಿಯಿತು. ಸುಗ್ಗಿ ಮುಗಿದು ಇನ್ನೊಂದು ನಾಟಿಯ ತನಕ ಕೇಳದ ಸದ್ದು ಅದು. ಮೋಡ ಸೀಳಿಕೊಂಡು ನಮ್ಮ ವಿಮಾನ ಇಳಿದಾಗ ನಾನು ಹುಲ್ಲಿನ ಓಡುದಾರಿಯ ಬದಿಯಲ್ಲಿ ಈ ಐವತ್ತರ ವಯಸ್ಸಿನಲ್ಲಿ ಕುಣಿದೆ. ಕುಣಿಯಲಿಲ್ಲ ಎಂದು ಹೇಳಲಾರೆ, ನೋಡಿದವರು ಇಲ್ಲೇ ಕೂತಿದ್ದಾರೆ.

ಅಭಿನಂದನೆಯ ನಾಲ್ಕು ಮಾತು ಚುಟುಕಾಗಿ ಆಡು ಎಂದು ಅಧ್ಯಕ್ಷರು ಹೇಳಿದ್ದಾರೆ. ಈ ಊರಿನ ಶಾಲೆಯಲ್ಲಿ ಇದ್ದಷ್ಟು ತರಗತಿ ಓದಿದವಳು ನಾನು. ಅಲ್ಲಿ ಓದು ಬರಹ ಕಲಿಸಿದರು, ಚುಟುಕು ಕಲಿಸಲಿಲ್ಲ. ಆದರೆ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಈ ವೇದಿಕೆಗೆ ಬರೀ ಹೊಗಳುವುದಕ್ಕೆ ಬಂದವಳಲ್ಲ. ನನ್ನ ಮಗಳು ಡೊರ್ಕಾಸ್ ಬೆಟ್ಟದಾಚೆಯ ಲಾಂಗ್ ಸಿಪಾಯ್ ಊರಿನಲ್ಲಿದ್ದಾಳೆ. ತುಂಬು ಗರ್ಭಿಣಿ. ಮಗು ಅಡ್ಡ ಮಲಗಿದೆ, ತರಾಕಾನ್ ಆಸ್ಪತ್ರೆಗೆ ಬರಲೇಬೇಕು ಎಂದು ನರ್ಸಮ್ಮ ಹೇಳಿದ್ದಾರೆ. ಬರುವ ಗುರುವಾರ ಅವಳು ಅಲ್ಲಿಂದ ಹಾರಬೇಕು. ಅವಳು ಹತ್ತಬೇಕಾದ ವಿಮಾನ ನಮ್ಮ ಈ ವಿಮಾನದ ಅವಳಿ. ಅದೇ ಕಾಲದ್ದು, ಅದೇ ಕೀಲು, ಅದೇ ಬೆಟ್ಟ, ಅದೇ ಅಭ್ಯಾಸದ ಜನ. ನಮ್ಮದನ್ನು ಬಿಚ್ಚಿ ನೋಡಿದರು. ಅದನ್ನು ಇನ್ನೂ ನೋಡಿಲ್ಲ. ಅದರ ಬಗ್ಗೆ ನನ್ನದೊಂದು ಪ್ರಶ್ನೆ ಇದೆ. ಕೊನೆಗೆ ಕೇಳುತ್ತೇನೆ. ಪಾಕ್ ಸುಮಿತ್ರೊ ಅವರೇ, ಅಲ್ಲಿಯ ತನಕ ತಾವು ಎದ್ದು ಹೋಗಬಾರದು.

ಈಗ ಸನ್ಮಾನಿತರ ವಿಚಾರ.

ಎಂದಾಂಗಮ್ಮ ಮೊದಲ ಸಲ ಬಂದದ್ದು ಕಳೆದ ಕೊಯ್ಲಿನ ಕಾಲದಲ್ಲಿ. ಕೈಯಲ್ಲಿ ಒಂದು ಟಾರ್ಚು, ಹಲ್ಲಿನ ಡಾಕ್ಟರರ ಹತ್ತಿರ ಇರುವಂಥ ಪುಟ್ಟ ಕನ್ನಡಿ, ಮುಖದ ಮೇಲೆ ನಗುವಿಲ್ಲ. ನಮ್ಮ ವಿಮಾನದ ರೆಕ್ಕೆಗೆ ಕೆಳಗಿನಿಂದ ಒಂದು ಊರುಗೋಲು ಇದೆಯಲ್ಲ, ಹೊಟ್ಟೆಯಿಂದ ರೆಕ್ಕೆಗೆ ಓರೆಯಾಗಿ ಹೋಗುವುದು, ಅದರ ಬುಡದ ಕೀಲಿನಲ್ಲಿ ಬಿರುಕು ಸಿಕ್ಕಿತ್ತಂತೆ. ಕಣ್ಣಿಗೆ ಕಾಣುವ ಬಿರುಕಲ್ಲ. ಕೆಂಪು ಬಣ್ಣ ಬಳಿದು, ಚೆನ್ನಾಗಿ ಒರೆಸಿ, ಮೇಲೆ ಬಿಳಿ ಪುಡಿ ಎರಚಿದರೆ ಬಿರುಕಿನೊಳಗೆ ಅಡಗಿದ ಬಣ್ಣ ತಾನಾಗಿ ಮೇಲೆ ಬರುತ್ತದಂತೆ. ಬಿಳಿ ಹಿಟ್ಟಿನ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ. ಅದನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ಮುಚ್ಚಿಟ್ಟದ್ದು ಯಾವುದೂ ಬೆಳಕಿಗೆ ಬಾರದೆ ಇರುವುದಿಲ್ಲ ಎಂದು ಪಾಸ್ಟರು ಪ್ರತಿ ಭಾನುವಾರ ಹೇಳುತ್ತಾರೆ. ಇವರು ಅದನ್ನು ಒಂದು ಡಬ್ಬಿ ಬಣ್ಣದಲ್ಲಿ ಮಾಡಿ ತೋರಿಸುತ್ತಾರೆ!

ಆ ಕೀಲನ್ನು ಬದಲಿಸಿದ್ದರು, ವಿಮಾನ ಹಾರುತ್ತಿತ್ತು. ಆದರೆ ಈ ತಾಯಿಗೆ ಸಮಾಧಾನವಿಲ್ಲ. “ಕಾಗದದ ಲೆಕ್ಕದ ಪ್ರಕಾರ ಆ ಕೀಲಿಗೆ ಇನ್ನೂ ಅರ್ಧ ಆಯಸ್ಸು ಇತ್ತು. ಇಷ್ಟು ಬೇಗ ಯಾಕೆ ದಣೀತು?” ಎಂಬುದು ಅವರ ಪ್ರಶ್ನೆ. ಓಡುದಾರಿಯ ಕಲ್ಲು ನೋಡಿದರು. ಚಕ್ರ ನೋಡಿದರು. ಕೊನೆಗೆ ಪೈಲಟ್ಟರ ಮುಖ ನೋಡಿದರು.

ಪಾಲಿಂಬೊ ಅವರಿಗೆ ಸಿಟ್ಟು ಬಂತು. “ಮೇಡಂ, ನಾನು ಇಳಿಸೋ ವಿಮಾನದಲ್ಲಿ ಮೊಟ್ಟೆ ಇಟ್ಟಿದ್ರೂ ಒಡೆಯಲ್ಲ.”

“ಮೊಟ್ಟೆ ಒಡೆಯಲ್ಲಪ್ಪ, ಹೋದ ವರ್ಷ ನನ್ನ ಹಲ್ಲು ಮಾತ್ರ ಉದುರ್ತು” ಎಂದರು ಕಾಫಿತ್ ಅಜ್ಜಿ.

“ಆ ಹಲ್ಲು ಹತ್ತೋವಾಗ್ಲೇ ಅಲ್ಲಾಡ್ತಿತ್ತು ಅಜ್ಜಿ! ನೀವೇ ತೋರ್ಸಿದ್ರಿ!”

ಎಂದಾಂಗಮ್ಮ ನಕ್ಕದ್ದನ್ನು ನಾವು ಮೊದಲು ನೋಡಿದ್ದು ಆಗ. ಪೈಲಟ್ಟರ ತಪ್ಪಲ್ಲ ಎಂದು ಅವರಿಗೂ ಗೊತ್ತಾಗಿತ್ತು. ಒಂದು ವಾರ ನಮ್ಮ ಮನೆಯಲ್ಲೇ ಇದ್ದರು. ಹಂದಿ ತಿನ್ನುವವರಲ್ಲ ಎಂದು ಅವರಿಗೆ ಬೇರೆ ಪಾತ್ರೆ ತೊಳೆದಿಟ್ಟೆ. ಬೆಳಿಗ್ಗೆ ಅವರು ಅವರ ನಮಾಜು, ನಾನು ನನ್ನ ಪ್ರಾರ್ಥನೆ, ಒಂದೇ ಚಾಪೆಯ ಎರಡು ತುದಿ. ವಿಮಾನ ಬಂದಾಗಲೆಲ್ಲ ತೂಕದ ಯಂತ್ರದ ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದರು. ಮನುಷ್ಯರ ತೂಕ, ಚೀಲದ ತೂಕ, ಎಲ್ಲ ಸರಿ. ಒಂದು ಹಿಡಿ ಹೆಚ್ಚಿಲ್ಲ. ಸುಳ್ಳು ಬರೆದಿಲ್ಲ. ನಮ್ಮ ಊರಿನವರು ಯಂತ್ರದ ಮೇಲೆ ಸುಳ್ಳು ಹೇಳುವವರಲ್ಲ ಎಂದು ನಾನು ಎದೆ ತಟ್ಟಿ ಹೇಳಿದೆ.

ಹೊರಡುವ ದಿನ ಬಂತು. ಅವರನ್ನೂ ತೂಗಿದರು, ಅವರ ಪೆಟ್ಟಿಗೆಯನ್ನೂ ತೂಗಿದರು. ಆಮೇಲೆ ವಿಮಾನದ ಬಾಗಿಲಿಗೆ ಹೋದರು. ನಾವೂ ಹೋದೆವು.

ಸಭಿಕರೇ, ನಮ್ಮವರನ್ನು ಬೀಳ್ಕೊಡುವುದು ಹೇಗೆ ಎಂದು ನಿಮಗೆ ನಾನು ಹೇಳಬೇಕೇ? ಮನೆಯಲ್ಲಿ ಕೊಟ್ಟರೆ ಅದು ಸಾಮಾನು. ಬಾಗಿಲಲ್ಲಿ, ಕೊನೆಯ ಗಳಿಗೆಯಲ್ಲಿ, ಅಪ್ಪಿಕೊಂಡು ಕೈಗೆ ಇಟ್ಟರೆ ಮಾತ್ರ ಅದು ಆಶೀರ್ವಾದ. ಎಲೆಯಲ್ಲಿ ಸುತ್ತಿದ ಬೆಟ್ಟದ ಉಪ್ಪು, ಪುಟ್ಟ ಚೀಲದಲ್ಲಿ ಸಣ್ಣಕ್ಕಿ, ಬಿದಿರಿನ ಕೊಳವೆಯಲ್ಲಿ ಹುಳಿ ಬರಿಸಿದ ಮಾಂಸ, ಒಂದು ಅನಾನಸ್. ಹೋಗುವವರು ಎಷ್ಟು ಬೇಕಾದವರೋ ಅಪ್ಪುಗೆ ಅಷ್ಟು. ಖಾಲಿ ಕೈಯಲ್ಲಿ ಪಟ್ಟಣಕ್ಕೆ ಇಳಿದವರನ್ನು ನೋಡಿದರೆ ಊರೆಲ್ಲ ಬಿಟ್ಟು ಹಾಕಿದ ಮನುಷ್ಯ ಎಂದು ತಿಳಿಯುವವರು ನಾವು. ನನ್ನ ಡೊರ್ಕಾಸ್ ಮದುವೆಯಾಗಿ ಲಾಂಗ್ ಸಿಪಾಯ್‌ಗೆ ಹೊರಟ ದಿನ ಅವಳನ್ನು ಅಪ್ಪಿದವರ ಸಾಲು ಬೇಲಿಯ ತನಕ ಇತ್ತು. ನಾನು ಸಾಲಿನಲ್ಲಿರಲಿಲ್ಲ. ಎಮ್ಮೆ ಗದ್ದೆಗೆ ನುಗ್ಗಿತ್ತು, ಯಾರಾದರೂ ನೋಡಬೇಕಿತ್ತಲ್ಲ. ಆ ಮಾತು ಈ ಸಭೆಗೆ ಬೇಡ.

ಎಂದಾಂಗಮ್ಮನನ್ನು ನಾವು ಅಪ್ಪಿದೆವು. ನಾನು ಅಪ್ಪಿದೆ, ಉಪ್ಪು ಕೊಟ್ಟೆ. ಕಾಫಿತ್ ಅಜ್ಜಿ ಅಪ್ಪಿದರು, ಅಕ್ಕಿ ಕೊಟ್ಟರು. ಇಡೀ ಹೆಂಗಸರ ಸಂಘ ಅಪ್ಪಿತು. ಅವರ ಎರಡು ಕೈ ತುಂಬಿತು, ಕುತ್ತಿಗೆಗೆ ಚೀಲ ಬಿತ್ತು, ಜೇಬು ಉಬ್ಬಿತು, ಗಲ್ಲದ ಕೆಳಗೆ ಅನಾನಸ್ ಸಿಕ್ಕಿಸಿಕೊಂಡರು. ಕಣ್ಣಲ್ಲಿ ನೀರು. ಒಂದು ಕಾಲು ಮೆಟ್ಟಿಲ ಮೇಲಿತ್ತು. ಇದ್ದಕ್ಕಿದ್ದ ಹಾಗೆ ನಿಂತರು. ಬೆಂಕಿ ಕಂಡವರ ಹಾಗೆ ನಿಂತರು.

“ರಿನಿಂಗಮ್ಮಾ, ಎಲ್ಲರಿಗೂ ಹೀಗೇ ಮಾಡ್ತೀರಾ?”

“ಹೌದು ಮತ್ತೆ. ನಿಮ್ಮಲ್ಲಿ ಮಾಡಲ್ವಾ?”

“ಪ್ರತಿ ಸಲ? ಪ್ರತಿಯೊಬ್ಬರಿಗೂ? ತೂಕ ಆದ್ಮೇಲೆ?”

“ತೂಕ ಆಗದೆ ಬಾಗಿಲಿಗೆ ಬರೋದು ಹೆಂಗೆ?”

ಆ ತಾಯಿ ತಿರುಗಿದರು. ಅನಾನಸ್ ಗಲ್ಲದ ಕೆಳಗೇ ಇದೆ. ಹಾಗೇ ನಡೆದುಕೊಂಡು ಹೋಗಿ ತೂಕದ ಯಂತ್ರದ ಮೇಲೆ ಹತ್ತಿ ನಿಂತರು. ಮುಳ್ಳು ಓಡಿತು ನೋಡಿ! ಸಣಕಲು ಹೆಂಗಸು ಹೋಗಿ ಪೈಲ್ವಾನ್ ಬಂದ ಹಾಗೆ! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರೂ ನಕ್ಕರು. ನಗುತ್ತ ನಗುತ್ತ ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತರು. ಯಾಕೆ ಎಂದು ಆಗ ನಮಗೆ ತಿಳಿಯಲಿಲ್ಲ.

ಆವತ್ತು ಅವರು ಹೊರಡಲಿಲ್ಲ. ವಿಮಾನ ಒಬ್ಬನೇ ಪೈಲಟ್ಟನನ್ನು ಹೊತ್ತು ಹೋಯಿತು, ಹೋದದ್ದು ಬರಲಿಲ್ಲ. ರೆಕ್ಕೆಯ ಉಳಿದ ಕೀಲುಗಳ ಲೆಕ್ಕವೂ ತಪ್ಪು, ಎಲ್ಲವನ್ನೂ ಬಿಚ್ಚಬೇಕು, ಹೊಸವು ಬರುವ ತನಕ ಹಾರುವಂತಿಲ್ಲ ಎಂದು ಇವರೇ ರೇಡಿಯೋದಲ್ಲಿ ಹೇಳಿ ನಿಲ್ಲಿಸಿದರು. ಊರು ಹೊತ್ತಿ ಉರಿಯಿತು. ಇದೇ ಸಭಾಂಗಣದಲ್ಲಿ ಕೂಗಾಡಿದ್ದು ನೆನಪಿದೆಯಲ್ಲ? ಕಾಫಿತ್ ಅಜ್ಜಿ ಎದ್ದು ನಿಂತು ಕೇಳಿದರು: “ಏನಮ್ಮಾ, ಆಶೀರ್ವಾದನೂ ತೂಗೋ ಕಾಲ ಬಂತಾ?”

“ತೂಗ್ಬೇಕು ಅಜ್ಜಿ” ಎಂದರು ಎಂದಾಂಗಮ್ಮ. “ನಿಮ್ಮ ಆಶೀರ್ವಾದ ಹಗುರ ಇದ್ದಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ.”

ಆಮೇಲೆ ಅಡುಗೆಮನೆಯ ಕಡೆ ಕೈ ತೋರಿಸಿ, “ಆ ದೊಡ್ಡ ಪಾತ್ರೆಗೆ ಒಂದೇ ಹಿಡಿ ಇದೆ. ಇನ್ನೊಂದು ಏನಾಯ್ತು?” ಎಂದು ಕೇಳಿದರು.

“ಮುರೀತು. ಕ್ರಿಸ್‌ಮಸ್ಸಲ್ಲಿ.”

“ಅನ್ನ ತುಂಬಿದಾಗ್ಲಾ?”

ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅನ್ನ ತುಂಬಿದಾಗ ಅಲ್ಲ. ಊಟವೆಲ್ಲ ಮುಗಿದು, ತೊಳೆದು, ಖಾಲಿ ಪಾತ್ರೆ ಎತ್ತಿಡುವಾಗ ಮುರಿದಿತ್ತು. ನನ್ನ ಕಾಲಿನ ಮೇಲೇ ಬಿದ್ದಿತ್ತು.

“ಅದೇ” ಎಂದರು. “ಲೋಹಕ್ಕೆ ಕೊನೇ ಭಾರ ಲೆಕ್ಕಕ್ಕಿಲ್ಲ. ಅದು ಹೊತ್ತಿದ್ದು ಯಾವುದನ್ನೂ ಮರೆಯಲ್ಲ. ಒಂದೊಂದು ಸಲ ಏರಿ ಇಳಿದಾಗ್ಲೂ ಬಾಗ್ತದೆ, ನೆಟ್ಟಗಾಗ್ತದೆ. ಮೇಲ್ನೋಟಕ್ಕೆ ಚೆನ್ನಾಗೇ ಇರ್ತದೆ. ಒಂದಿನ ಖಾಲಿ ಇರುವಾಗ್ಲೇ ಮುರೀತದೆ. ಎಷ್ಟು ಸಲ ಏರಿ ಇಳೀತು, ಎಷ್ಟು ಭಾರ ಹೊತ್ತು ಇಳೀತು, ಅದರ ಮೇಲೆ ನಾವು ಆಯಸ್ಸು ಬರೀತೀವಿ. ನಿಮ್ಮ ಅಪ್ಪುಗೆಗಳು ನಮ್ಮ ಲೆಕ್ಕದಲ್ಲಿ ಇರ್ಲಿಲ್ಲ.”

ನಾನು ಆ ರಾತ್ರಿ ಪ್ರಾರ್ಥನೆಯಲ್ಲಿ ಅದನ್ನೇ ಯೋಚಿಸಿದೆ. ನಾವು ದಣಿದರೆ ಭಾನುವಾರ ಇದೆ. ಮಲಗುತ್ತೇವೆ, ಹಾಡುತ್ತೇವೆ, ಸೋಮವಾರ ಮತ್ತೆ ಗಟ್ಟಿ. ಲೋಹಕ್ಕೆ ಭಾನುವಾರ ಇಲ್ಲವಲ್ಲ ಸಭಿಕರೇ! ಎಷ್ಟು ದಿನ ಶೆಡ್ಡಿನಲ್ಲಿ ನಿಲ್ಲಿಸಿದರೂ ಅದರ ದಣಿವು ಹೋಗುವುದಿಲ್ಲವಂತೆ. ವಿಶ್ರಾಂತಿಯ ದಿನವನ್ನು ದೇವರು ಮನುಷ್ಯರಿಗೆ ಕೊಟ್ಟ, ಎಮ್ಮೆಗೂ ಕೊಟ್ಟ, ಕಬ್ಬಿಣಕ್ಕೆ ಕೊಡಲಿಲ್ಲ. ಅದಕ್ಕೇ ಇರಬೇಕು ಅದರ ಮೇಲೆ ಎಂದಾಂಗಮ್ಮನಂಥವರನ್ನು ಕಾವಲಿಟ್ಟ.

ನಿಯಮದ ಮಾತಿಗೆ ಬರುತ್ತೇನೆ. ಮೊದಲು ಇಲಾಖೆಯವರು ಹೇಳಿದ್ದು, ಬಾಗಿಲಲ್ಲಿ ಯಾರೂ ಏನೂ ಕೊಡಕೂಡದು ಎಂದು. ಹಿರಿಯರು ಒಪ್ಪಿದರೇ? “ಹಂಗಾದ್ರೆ ಹೆಣ ಕಳ್ಸಿದಂಗೆ ಕಳ್ಸೋದಾ?” ಎಂದರು. ಮನೆಯಲ್ಲೇ ಕೊಟ್ಟು ತೂಕಕ್ಕೆ ತನ್ನಿ ಎಂದರು, ಅದಕ್ಕೂ ಒಪ್ಪಲಿಲ್ಲ. ಮೂರು ಸಭೆ ಮುರಿದುಬಿತ್ತು. ಆಗ ಎಂದಾಂಗಮ್ಮ ಎದ್ದು, “ನಿಮ್ಮ ಅಪ್ಪುಗೆ ಬಾಗಿಲು ಬಿಟ್ಟು ಬರಲ್ಲ ಅಂತಾದ್ರೆ, ನನ್ನ ಯಂತ್ರ ಬಾಗಿಲಿಗೆ ಬರ್ತದೆ” ಎಂದರು. ಅಷ್ಟೇ! ಎಲ್ಲಿಯ ಜಗಳ! ಯಂತ್ರಕ್ಕೆ ಚಕ್ರ ಹಾಕಿ ವಿಮಾನದ ಮೆಟ್ಟಿಲು ಬಂದು ನಿಲ್ಲುವ ಜಾಗಕ್ಕೆ ತಳ್ಳಿದರು. ಮೊದಲು ಅಪ್ಪುಗೆ, ಆಮೇಲೆ ತೂಕ, ಆಮೇಲೆ ಮೆಟ್ಟಿಲು. ಭಾರ ಹೆಚ್ಚಾದರೆ ಹೆಚ್ಚಾದದ್ದು ಇಲ್ಲೇ ಉಳಿಯುತ್ತದೆ, ಮುಂದಿನ ವಿಮಾನದಲ್ಲಿ ಬರುತ್ತದೆ. ಕೈಗೆ ಇಟ್ಟಾಯಿತಲ್ಲ, ಆಶೀರ್ವಾದ ಆಗಲೇ ತಲುಪಿದೆ ಎಂದು ಪಾಸ್ಟರು ತೀರ್ಪು ಕೊಟ್ಟರು. ಎಂದಾಂಗಮ್ಮ ನಡೆದೇ ಬೆಟ್ಟ ಇಳಿದು, ದೋಣಿ ಹಿಡಿದು ತರಾಕಾನ್ ಸೇರಿ, ಒಂದೊಂದು ಕೀಲನ್ನೂ ಹೊಸದು ಹಾಕಿಸಿದರು. ಈಗ ಸರ್ಕಾರದ ನಿಯಮದಲ್ಲಿ ಅಚ್ಚಾಗಿದೆ, ನಾನೇ ಬೆರಳಿಟ್ಟು ಓದಿದ್ದೇನೆ: ಪ್ರಯಾಣಿಕರ ತೂಕವನ್ನು ಬೀಳ್ಕೊಡುಗೆಯ ನಂತರ ತೆಗೆದುಕೊಳ್ಳತಕ್ಕದ್ದು. ರಾಜಧಾನಿಯ ಕಚೇರಿಯಲ್ಲಿ ನಕ್ಕರಂತೆ. ನಗಲಿ! ನಮ್ಮ ಅಪ್ಪುಗೆ ಕಾನೂನಿನೊಳಗೆ ಹೋಗಿ ಕೂತಿದೆ, ಅವರದು ಯಾರದ್ದಾದರೂ ಕೂತಿದೆಯೇ?

ಈಗ ನನ್ನ ಪ್ರಶ್ನೆ.

ಪಾಕ್ ಸುಮಿತ್ರೊ ಅವರೇ, ತಾವು ಬೆಳಿಗ್ಗೆ ನಮ್ಮ ಅಡುಗೆಮನೆ ಬಾಗಿಲಲ್ಲಿ ಕಾಫಿ ಕುಡಿಯುವಾಗ, ಆ ಅವಳಿ ವಿಮಾನವನ್ನು ಬಿಚ್ಚಿ ನೋಡುವುದು ಯಾವಾಗ ಎಂದು ನಾನು ಕೇಳಿದೆ. ತಾವು, “ಅಮ್ಮಾ, ಲಾಂಗ್ ಸಿಪಾಯ್‌ಗೆ ನಿಯಮ ಜಾರಿ ಆಗೋದು, ಕೀಲು ಬಿಚ್ಚಿ ನೋಡೋದು ಎಲ್ಲ ಹೊಸ ವರ್ಷದಿಂದ. ವಿಷಯ ಪರಿಶೀಲನೆಯಲ್ಲಿದೆ” ಎಂದಿರಿ. ನಾನು, “ಮಗು ಹೊಸ ವರ್ಷದ ತನಕ ಹೊಟ್ಟೇಲಿರಲ್ಲ ಸ್ವಾಮಿ” ಎಂದೆ. ತಾವು ಕಾಫಿ ಚೆನ್ನಾಗಿದೆ ಎಂದಿರಿ. ಕಾಫಿ ಚೆನ್ನಾಗಿಯೇ ಇತ್ತು.

ತಾವು ಕೆಟ್ಟವರಲ್ಲ. ಆ ವಿಮಾನವನ್ನು ನಿಲ್ಲಿಸಿದರೆ ಆ ಊರಿಗೂ ನಮ್ಮ ಗತಿಯೇ ಬರುತ್ತದೆ ಎಂದು ತಾವು ಹಿಂದೆಮುಂದೆ ನೋಡುತ್ತಿದ್ದೀರಿ, ಅದು ನನಗೆ ಅರ್ಥವಾಗುತ್ತದೆ. ಡೊರ್ಕಾಸ್‌ಗೆ ಏನೂ ಕೊಡಬೇಡಿ, ಖಾಲಿ ಕೈಯಲ್ಲಿ ಹತ್ತಿಸಿ ಎಂದು ನಾನು ರೇಡಿಯೋದಲ್ಲಿ ಹೇಳಿಸಬಹುದಿತ್ತು. ಆದರೆ ನನ್ನ ಕಾಲಿನ ಮೇಲೆ ಬಿದ್ದ ಪಾತ್ರೆಯೂ ಖಾಲಿಯೇ ಇತ್ತಲ್ಲ. ಇಷ್ಟು ವರ್ಷ ಆ ಊರಿನವರು ಅಪ್ಪಿ ಅಪ್ಪಿ ಕಳಿಸಿದ್ದೆಲ್ಲ ಆ ಕೀಲಿನೊಳಗೆ ಕೂತಿದೆ. ಕೂತಿಲ್ಲವೋ ಏನೋ. ನೋಡಿದವರಿಲ್ಲ. ನೋಡದೆ ನನ್ನ ಮಗಳನ್ನು ಅದರೊಳಗೆ ಕೂರಿಸುತ್ತೀರಾ?

ಇನ್ನೊಂದು ಮಾತು. ನಾನು ಉಪವಾಸವಿದ್ದೇನೆ ಎಂದು ತಮ್ಮನ್ನು ಕಟ್ಟಿಹಾಕುತ್ತಿಲ್ಲ. ಉಪವಾಸ ದೇವರಿಗೆ, ತಮಗಲ್ಲ. ಮಗು ಹುಟ್ಟಿದ ಮೇಲೆ ನಮ್ಮ ಪದ್ಧತಿಯಂತೆ ಅಜ್ಜಿಯಾದವಳು ಹೊಸ ಹೆಸರು ಇಟ್ಟುಕೊಳ್ಳಬೇಕು. ಹೆಸರು ಹುಡುಕಿಟ್ಟಿದ್ದೇನೆ, ಯಾರಿಗೂ ಹೇಳಿಲ್ಲ. ಆ ಹೆಸರಿನಿಂದ ನನ್ನನ್ನು ಮೊದಲು ಕೂಗಬೇಕಾದವಳು ಅವಳು. ನಾವು ಮಾತಾಡಿ ಬಹಳ ದಿನ ಆಯಿತು.

ಹಾಗಾಗಿ ಕೇಳುತ್ತೇನೆ. ಗುರುವಾರ ನಮ್ಮ ಈ ವಿಮಾನವನ್ನು, ಎಂದಾಂಗಮ್ಮ ಕೆಂಪು ಬಣ್ಣ ಬಳಿದು ನೋಡಿ ಸೈ ಎಂದ ಈ ವಿಮಾನವನ್ನು, ಲಾಂಗ್ ಸಿಪಾಯ್‌ಗೆ ಕಳಿಸುತ್ತೀರಾ? ಅದರ ಅವಳಿಯನ್ನು ಶೆಡ್ಡಿಗೆ ತಂದು ಬಿಚ್ಚಿ ನೋಡುವ ತನಕ ಎರಡೂ ಊರಿಗೆ ಇದೊಂದೇ ಹಾರಲಿ. ಗುರುವಾರದ ಸರದಿ ನಮ್ಮದು, ನನಗೆ ಗೊತ್ತು. ಸುಗ್ಗಿಯಿಂದ ಕಾಯ್ದಿದ್ದೇವೆ. ಆ ಸರದಿಯನ್ನು ಬಿಟ್ಟುಕೊಡಿ ಎಂದು ಹೇಳುವ ಹಕ್ಕು ನನಗಿಲ್ಲ, ಸಭಿಕರೇ. ಕೇಳಿಕೊಳ್ಳುತ್ತೇನೆ ಅಷ್ಟೇ. ಬಿಟ್ಟುಕೊಡುವವರು ಕೈ ಎತ್ತಿ.

ಅಯ್ಯೋ ದೇವರೇ.

ಇಳಿಸಿ, ಇಳಿಸಿ, ಕಂಡಿತು. ಕಿಟಕಿಯವರು ಕೈ ಬಿಟ್ಟರೆ ಬೀಳುತ್ತೀರಿ, ಇಳಿಸಿ. ಕಾಫಿತ್ ಅಜ್ಜಿ, ಗುರುವಾರ ನಿಮ್ಮ ಕಣ್ಣಿನ ಆಪರೇಷನ್ ಇದೆಯಲ್ಲ, ನೀವು ಯಾಕೆ ಎತ್ತಿದಿರಿ? ಏನು? “ಇಷ್ಟು ದಿನ ಮಬ್ಬಲ್ಲೇ ನಿನ್ನ ಮುಖ ನೋಡಿದೀನಿ, ಇನ್ನೊಂದು ವಾರ ನೋಡಿದ್ರೆ ಸಾಯಲ್ಲ” ಅಂತೆ. ಕೇಳಿದಿರಾ ಪಾಕ್ ಸುಮಿತ್ರೊ ಅವರೇ? ನಮ್ಮ ಕಡೆಯ ಉತ್ತರ ಬಂದಾಯಿತು. ಇನ್ನು ತಮ್ಮದು ಬಾಕಿ.

ಎದ್ದರು. ಅಧಿಕಾರಿಗಳು ಎದ್ದರು. ರೇಡಿಯೋ ಕೋಣೆಯ ಕಡೆ ಕೈ ತೋರಿಸುತ್ತಿದ್ದಾರೆ. ತರಾಕಾನ್ ಕಚೇರಿಯನ್ನು ಕೇಳಬೇಕಂತೆ. ಕೇಳಿ, ಈಗಲೇ ಕೇಳಿ! ದಾರಿ ಬಿಡಿ ಅವರಿಗೆ. ಎಂದಾಂಗಮ್ಮ, ಆ ಮಣಿಸರ ಆಮೇಲೆ ತೆಗೆಯುವಿರಂತೆ, ನೀವೂ ಜೊತೆಗೆ ಹೋಗಿ. ಕೀಲಿನ ವಿಷಯ ಅವರು ಕೇಳಿದರೆ ಹೇಳಬೇಕಾದವರು ನೀವು.

ನಾನು ಮುಗಿಸುತ್ತೇನೆ. ಕೈ ಎತ್ತಿದ ಎಲ್ಲರಿಗೂ, ಎತ್ತಲಾಗದೆ ಕಣ್ಣೊರೆಸಿಕೊಂಡವರಿಗೂ, ನನ್ನನ್ನು ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೂ ನನ್ನ ಹೃದಯದ ಧನ್ಯವಾದಗಳು. ಒಲೆಯ ಮೇಲೆ ಪಾತ್ರೆ ಇದೆ, ನಾನು ಹಿಂದಿನ ಅಡುಗೆಮನೆಯಲ್ಲಿರುತ್ತೇನೆ. ಎಲ್ಲರಿಗೂ ನಮಸ್ಕಾರ.

ಪಾಲಿಂಬೊ ಅವರೇ, ತಮ್ಮ ಕಾಲು ಉದ್ದ. ರೇಡಿಯೋ ಕೋಣೆಯ ಬಾಗಿಲಲ್ಲಿ ನಿಂತಿದ್ದು, ಅವರು ಏನು ಹೇಳಿದರೋ ಅದನ್ನು ಹಾಗೆಯೇ, ಸಕ್ಕರೆ ಬೆರೆಸದೆ, ಓಡಿ ಬಂದು ನನಗೆ ಮುಟ್ಟಿಸಿ.